ಸೇವೆಯ ವರ್ಷಗಳು, ಚಿಕಿತ್ಸೆಯ ಹಕ್ಕು



ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗಳಲ್ಲಿ 'ಮಿಲಿಟರಿಯವರ ಮನೆ' ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಆ ಮನೆಯ ಯಜಮಾನರು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಮೈಸೂರಿನ ಪಾಲಿಕ್ಲಿನಿಕ್ಕಿಗೆ ಹೋಗಿಬರುತ್ತಾರೆ. ಅವರ ಕಾರ್ಡಿನ ಮೇಲೆ ಹೆಂಡತಿಗೂ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ ಮಿಲಿಟರಿಯಲ್ಲಿ ದುಡಿದು ಬಂದವರು ಆ ಮನೆಯ ಹೆಣ್ಣುಮಗಳೇ ಆಗಿದ್ದರೆ? ಇವತ್ತಿನ ಮಾತು ಅವರ ಬಗ್ಗೆ.

ಪಾಲಿಕ್ಲಿನಿಕ್ ಎನ್ನುವುದು ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯ ಚಿಕಿತ್ಸಾಲಯ. ಎಲ್ಲರ ಬಾಯಲ್ಲಿ ಅದು ಇಸಿಎಚ್‌ಎಸ್. 2003ರ ಏಪ್ರಿಲ್ 1ರಂದು ಶುರುವಾಯಿತು. ಒಂದು ಸಲ ವಂತಿಗೆ ಕಟ್ಟಿ ಕಾರ್ಡು ಪಡೆದರೆ ಪಾಲಿಕ್ಲಿನಿಕ್ಕಿನಲ್ಲಿ ವೈದ್ಯರನ್ನು ಕಾಣಬಹುದು, ಔಷಧ ಪಡೆಯಬಹುದು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕೈಯಿಂದ ದುಡ್ಡು ಕೊಡದೆ ಸೇರಬಹುದು. ಒಳ್ಳೆಯ ಯೋಜನೆ, ಎಷ್ಟೋ ಸೈನಿಕ ಕುಟುಂಬಗಳನ್ನು ಸಾಲದಿಂದ ಉಳಿಸಿದೆ. ಆದರೆ ಮೊದಲಿನಿಂದಲೂ ಅದಕ್ಕೊಂದು ಷರತ್ತಿತ್ತು. ಪಿಂಚಣಿ ಇದ್ದವರಿಗೆ ಮಾತ್ರ ಕಾರ್ಡು.

ಪಿಂಚಣಿ ಬರಬೇಕಾದರೆ ಜವಾನರು 15 ವರ್ಷ, ಅಧಿಕಾರಿಗಳು 20 ವರ್ಷ ಸೇವೆ ಮುಗಿಸಿರಬೇಕು. ವೈದ್ಯರು ಮತ್ತು ದಾದಿಯರನ್ನು ಬಿಟ್ಟು ಉಳಿದ ವಿಭಾಗಗಳಿಗೆ ಭೂಸೇನೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳತೊಡಗಿದ್ದು 1992ರಲ್ಲಿ. ಮೊದಲು ಐದು ವರ್ಷಕ್ಕೆಂದು ಕರೆದರು, ಆಮೇಲೆ ಅವಧಿಯನ್ನು ಹಿಗ್ಗಿಸುತ್ತಾ ಹೋಗಿ 14 ವರ್ಷಕ್ಕೆ ನಿಲ್ಲಿಸಿದರು. ಹದಿನಾಲ್ಕಕ್ಕೂ ಇಪ್ಪತ್ತಕ್ಕೂ ನಡುವಿನ ಆ ಆರು ವರ್ಷದಲ್ಲಿ ಪಿಂಚಣಿ ಹೋಯಿತು, ಪಿಂಚಣಿಯ ಜೊತೆಗೆ ಆಸ್ಪತ್ರೆಯೂ ಹೋಯಿತು. ಯೌವನದ 14 ವರ್ಷಗಳನ್ನು ಗಡಿಯ ಠಾಣೆಗಳಲ್ಲಿ ಕಳೆದು, ನಲವತ್ತರ ಹತ್ತಿರ, ಮೈಗೆ ಒಂದೊಂದೇ ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಅವರು ಬರಿಗೈಯಲ್ಲಿ ಹೊರಬಂದರು. ಅಲ್ಪಾವಧಿ ಸೇವೆಯ ಗಂಡಸರಿಗೂ ಇದೇ ನಿಯಮವಿತ್ತು, ನಿಜ. ಆದರೆ ಗಂಡಸರಿಗೆ ಕಾಯಂ ಆಗುವ ಅವಕಾಶವಿತ್ತು. ಹೆಂಗಸರಿಗೆ ಆ ದಾರಿಯನ್ನೇ ಬಹುಕಾಲ ತೆರೆದಿರಲಿಲ್ಲ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

2019ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಪಿಂಚಣಿಯಿಲ್ಲದೆ ನಿವೃತ್ತರಾದ ಅಲ್ಪಾವಧಿ ಸೇವೆಯ ಅಧಿಕಾರಿಗಳೂ ಅವರ ಗಂಡ ಅಥವಾ ಹೆಂಡತಿಯೂ ಕೆಲವು ಷರತ್ತುಗಳ ಮೇಲೆ ಇಸಿಎಚ್‌ಎಸ್‌ಗೆ ಸೇರಬಹುದು. ಆಗ ವಂತಿಗೆ ಜವಾನರಿಗೆ 30,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ ಇತ್ತು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ಅದನ್ನು ಕಟ್ಟಬೇಕಾಗಿಲ್ಲ. 14 ವರ್ಷದ ಅವಧಿ ಮುಗಿಸಿ ಬಂದು, ಕಾರ್ಡು ತಮಗಿಲ್ಲವೆಂದೇ ತಿಳಿದು ಸುಮ್ಮನಿರುವವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಈ ವಿಷಯ ಮುಟ್ಟಿಸಿ.

ಮರುವರ್ಷ, 2020ರ ಫೆಬ್ರವರಿ 17ರಂದು, ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೂಸೇನೆಯ ಮಹಿಳಾ ಅಧಿಕಾರಿಗಳನ್ನು ಕಾಯಂ ಸೇವೆಗೆ ಪರಿಗಣಿಸಲೇಬೇಕೆಂದು ತೀರ್ಪು ಕೊಟ್ಟಿತು. ಆಗ ಇನ್ನೊಂದು ತೊಡಕು ಎದುರಾಯಿತು, ಅದೂ ವೈದ್ಯಕೀಯ ಪರೀಕ್ಷೆಯಲ್ಲಿ. ಸೇನೆಯಲ್ಲಿ 'ಶೇಪ್' ಎಂಬ ಅಳತೆಗೋಲಿದೆ. ಮನಸ್ಸಿನ ಸ್ಥಿತಿ, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಈ ಐದನ್ನೂ ಪರೀಕ್ಷಿಸಿ ದರ್ಜೆ ಕೊಡುತ್ತಾರೆ. ಗಂಡಸರು ಕಾಯಂ ಆಗಲು ಈ ಪರೀಕ್ಷೆಗೆ ನಿಲ್ಲುವುದು 25ರಿಂದ 30ರ ವಯಸ್ಸಿನಲ್ಲಿ. ಹತ್ತಿಪ್ಪತ್ತು ವರ್ಷ ಕಾಯಿಸಿದ್ದ ಮಹಿಳೆಯರನ್ನು ನಲವತ್ತು ದಾಟಿದ ಮೇಲೆ ಅದೇ ಅಳತೆಗೆ ನಿಲ್ಲಿಸಿದರು. ಎರಡು ಹೆರಿಗೆಯಾಗಿರುವ, ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿರುವ ಮೈ ಇಪ್ಪತ್ತೈದರ ಮೈಯಂತೆ ಇರುತ್ತದೆಯೇ? 2021ರ ಮಾರ್ಚ್ 25ರಂದು ನಿತಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಪರೋಕ್ಷ ತಾರತಮ್ಯವೆಂದು ಕರೆಯಿತು. ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ ಅವರ ಆರೋಗ್ಯ ಹೇಗಿತ್ತೋ ಅದನ್ನು ನೋಡಿ ಎಂದಿತು.

ದರ್ಜೆ ಇಳಿದರೆ ಬಡ್ತಿಗೂ ಕುತ್ತು. ಹಾಗಾಗಿ ನೋವನ್ನು ಮುಚ್ಚಿಡುವ ಅಭ್ಯಾಸ ಸೇನೆಯಲ್ಲಿ ಹಳೆಯದು, ಹೆಂಗಸರಲ್ಲಿ ಇನ್ನೂ ಹೆಚ್ಚು. 'ಹೆಣ್ಣು, ಅದಕ್ಕೇ ಆಗಲಿಲ್ಲ' ಎಂಬ ಮಾತು ಕೇಳಬಾರದೆಂದು ಹಲ್ಲು ಕಚ್ಚಿಕೊಂಡು ನಡೆಯುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಗಂಡುವೇಷದಲ್ಲಿ ಹೋರಾಡಿದ ಡೆಬೊರಾ ಸ್ಯಾಂಪ್ಸನ್, ಗುಟ್ಟು ಹೊರಬೀಳುತ್ತದೆಂದು ತೊಡೆಗೆ ಹೊಕ್ಕ ಗುಂಡನ್ನು ವೈದ್ಯರಿಗೆ ತೋರಿಸದೆ ತಾನೇ ಕಿತ್ತುಕೊಂಡಳಂತೆ. ಅವಳ ಹೆಸರಿನಲ್ಲಿ ಅಲ್ಲಿ 2021ರ ಜನವರಿಯಲ್ಲಿ ಒಂದು ಕಾಯ್ದೆ ಬಂತು. ಮಾಜಿ ಸೈನಿಕರ ಪ್ರತಿ ಆರೋಗ್ಯ ಕೇಂದ್ರದಲ್ಲೂ ಮಹಿಳೆಯರ ಆರೋಗ್ಯ ಬಲ್ಲ ವೈದ್ಯರೊಬ್ಬರಾದರೂ ಇರಬೇಕೆಂಬುದು ಅದರ ಒಂದು ಅಂಶ. ಇದಕ್ಕೆ ಕಾರಣವಿದೆ. ಭಾರ ಹೊತ್ತು ಓಡುವ, ನಡೆಯುವ ತರಬೇತಿಯಲ್ಲಿ ಕಾಲಿನ ಮೂಳೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ಇಳಿಯುತ್ತದೆ. ಐವತ್ತೈದರ ಹೆಂಗಸು ಸೊಂಟನೋವೆಂದು ಬಂದಾಗ 'ವಯಸ್ಸಾಯ್ತಲ್ಲ ತಾಯಿ' ಎಂದು ಮಾತ್ರೆ ಕೊಡುವವರಿಗಿಂತ, ಸೇವೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ, ಎಲ್ಲಿ ಬಿದ್ದಿದ್ದಿರಿ ಎಂದು ವಿಚಾರಿಸುವ ವೈದ್ಯರು ಬೇಕು. ಸರದಿಯಲ್ಲಿ ನಿಂತ ಹೆಂಗಸನ್ನು 'ಯಜಮಾನರ ಕಾರ್ಡು ಕೊಡಿ' ಎನ್ನುವ ಮೊದಲು 'ಕಾರ್ಡು ಯಾರದು' ಎಂದು ಕೇಳುವ ಸಿಬ್ಬಂದಿಯೂ ಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ದೂರವೂ ಒಂದು ಕಾಯಿಲೆಯೇ. ರೈಲಿರುವುದು ಕೃಷ್ಣರಾಜನಗರಕ್ಕೆ ಮಾತ್ರ, ಉಳಿದವರಿಗೆ ಬಸ್ಸೇ ಗತಿ. ಪಿರಿಯಾಪಟ್ಟಣದವರು ಮೈಸೂರಿಗೋ ಮಡಿಕೇರಿಗೋ ಹೋಗಬಹುದು. ಹೆಗ್ಗಡದೇವನಕೋಟೆಯ ಕಾಡಂಚಿನ ಡಿ.ಬಿ. ಕುಪ್ಪೆಯಂಥ ಊರಿನವರಿಗೆ ಒಂದು ರೆಫರಲ್ ಚೀಟಿಗೆ ಇಡೀ ದಿನ ಹೋಗುತ್ತದೆ. ಆದರೆ ಜೀವಕ್ಕೆ ಅಪಾಯವಿರುವಾಗ ಚೀಟಿಗೆ ಕಾಯಬೇಕಿಲ್ಲ. ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಬಹುದು. ಆ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಬಿಲ್ಲುಗಳನ್ನು ಜೋಪಾನವಾಗಿಡಬೇಕು.

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 83 ಹೆಣ್ಣುಮಕ್ಕಳು ಜವಾನರಾಗಿ ತರಬೇತಿ ಮುಗಿಸಿದರು. ಭೂಸೇನೆಯಲ್ಲಿ ಜವಾನರ ದರ್ಜೆಗೆ ಹೆಂಗಸರು ಸೇರಿದ್ದು ಅದೇ ಮೊದಲು. 15 ವರ್ಷ ಪೂರೈಸಿದರೆ ಅವರಿಗೆ ಪಿಂಚಣಿಯೂ ಉಂಟು, ಕಾರ್ಡೂ ಉಂಟು. ಅದಾಗಿ ಎರಡು ವರ್ಷಕ್ಕೆ ಅದೇ ಕೇಂದ್ರಕ್ಕೆ ಬಂದ ಹುಡುಗಿಯರು ಅಗ್ನಿವೀರರು. ಅವರದು ನಾಲ್ಕು ವರ್ಷದ ಸೇವೆ. ನಾಲ್ವರಲ್ಲಿ ಒಬ್ಬರು ಉಳಿಯಬಹುದು. ಮಿಕ್ಕವರಿಗೆ ಒಂದು ಇಡುಗಂಟು ಸಿಗುತ್ತದೆ. ಪಿಂಚಣಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವಿಲ್ಲ, ಇಸಿಎಚ್‌ಎಸ್ ಇಲ್ಲ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಪರಿಹಾರವಿದೆ, ಆದರೆ ಅದರ ಮೆಟ್ಟಿಲುಗಳು ಶೇಕಡ 50, 75, 100. ಸವೆದ ಮಂಡಿ ಆ ಮೊದಲ ಮೆಟ್ಟಿಲನ್ನೂ ಮುಟ್ಟುವುದು ಕಷ್ಟ. 14 ವರ್ಷದವರಿಗೆ ಆದ ಅನ್ಯಾಯವನ್ನು 2019ರಲ್ಲಿ ಸರಿಪಡಿಸಿದ ಸರ್ಕಾರ, ನಾಲ್ಕು ವರ್ಷದವರಿಗೂ, ಪಿಂಚಣಿ ಕೊಡದಿದ್ದರೆ ಬೇಡ, ವಂತಿಗೆ ಕಟ್ಟಿ ಚಿಕಿತ್ಸೆ ಪಡೆಯುವ ದಾರಿಯನ್ನಾದರೂ ತೆರೆಯಬೇಕು.

ಅಲ್ಲಿಯವರೆಗೆ, ಮಗಳನ್ನು ಸೇನೆಗೆ ಕಳಿಸಿರುವ ತಂದೆತಾಯಿಗಳಲ್ಲಿ ಒಂದು ಮಾತು. ಸೇವೆಯಲ್ಲಿರುವಾಗ ಆದ ಪ್ರತಿ ಪೆಟ್ಟನ್ನೂ ನೋವನ್ನೂ ವೈದ್ಯರಿಗೆ ತೋರಿಸಿ ದಾಖಲೆ ಮಾಡಿಸಲು ಹೇಳಿ. ಹೊರಬರುವಾಗ ನಡೆಯುವ ವೈದ್ಯಕೀಯ ಮಂಡಳಿಯ ಮುಂದೆ ಏನನ್ನೂ ಮುಚ್ಚಿಡುವುದು ಬೇಡ, ಅದರ ಪ್ರತಿ ಕೈಯಲ್ಲಿರಲಿ. ಊರಿಗೆ ಬಂದ ಮೇಲೆ ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಆ ಕಾಗದಗಳನ್ನು ತೆಗೆದುಕೊಂಡು ಹೋಗಿ, ತನಗೆ ಏನೇನು ಸಲ್ಲುತ್ತದೆ ಎಂದು ಅವಳೇ ಕೇಳಲಿ.