ಅದೃಷ್ಟ, ತಕ್ದೀರ್ ಮತ್ತು ಮೊಬೈಲ್ ಪೋಕರ್

(ವಾರ್ಷಿಕೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೊಬೈಲಿನಲ್ಲಿ ಹಣ ಕಟ್ಟಿ ಪೋಕರ್ ಆಡುವವರ ಬಾಯಲ್ಲಿ ‘ಬ್ಯಾಡ್ ಬೀಟ್’ ಎಂಬ ಮಾತಿದೆ. ಕೈಯಲ್ಲಿ ಒಳ್ಳೆಯ ಎಲೆಗಳಿದ್ದು, ಗೆದ್ದೇಬಿಟ್ಟೆ ಎನ್ನುವಾಗ ಕೊನೆಯ ಎಲೆಯಲ್ಲಿ ಸೋಲುವುದು ಎಂದು ಅದರ ಅರ್ಥ. ‘ಕಿಸ್ಮತ್ ಕೈಕೊಟ್ಟಿತು, ಮುಂದಿನ ಆಟದಲ್ಲಿ ತಿರುಗುತ್ತದೆ’ ಎಂದು ಸೋತವನು ಮತ್ತೆ ಹಣ ಕಟ್ಟುತ್ತಾನೆ. ಕಾಲೇಜಿನ ಫೀಸು, ತಾಯಿಯ ಒಡವೆ, ಸ್ನೇಹಿತರಿಂದ ತಂದ ಸಾಲ ಎಲ್ಲವೂ ಕರಗುವುದು ಹೀಗೆ ಮತ್ತೆ ಮತ್ತೆ ಕಟ್ಟುವುದರಲ್ಲೇ. ಆದ್ದರಿಂದ ಮಕ್ಕಳನ್ನು ಬೈಯುವ ಮೊದಲು ಇದರ ಲೆಕ್ಕ ತಿಳಿಯೋಣ.

ಒಬ್ಬನ ಕೈಯಲ್ಲಿ ಎರಡು ಎಕ್ಕ, ಎದುರಾಳಿಯ ಕೈಯಲ್ಲಿ ಎರಡು ರಾಜ ಇವೆ ಎನ್ನಿ. ನಡುವಿನ ಐದು ಎಲೆಗಳು ಬೀಳುವ ಮೊದಲೇ ಇಬ್ಬರೂ ಇದ್ದಬದ್ದ ಹಣ ಕಟ್ಟಿದ್ದಾರೆ. ಇಂತಹ 100 ಆಟಗಳಲ್ಲಿ ಎಕ್ಕದವನು ಗೆಲ್ಲುವುದು ಸುಮಾರು 82ರಲ್ಲಿ, ಸೋಲುವುದು ಸುಮಾರು 18ರಲ್ಲಿ. ಆ 18 ಅನ್ಯಾಯವಲ್ಲ, ಲೆಕ್ಕದೊಳಗೇ ಇರುವ ಸೋಲು. ಸತತವಾಗಿ ಎರಡು ಸಲ ಹೀಗೆ ಸೋಲುವುದು ಕೂಡ ಸುಮಾರು 30ಕ್ಕೆ ಒಮ್ಮೆ ಆಗುವಂಥದ್ದೇ. ಮೊಬೈಲಿನಲ್ಲಿ ಎಲೆ ಹಂಚುವುದು ವೇಗವಾದ್ದರಿಂದ ಅಪರೂಪದ ಸೋಲೂ ಬೇಗ ಎದುರಾಗುತ್ತದೆ.

ಹಾಗಾದರೆ ಎರಡು ಸಲ ಸೋತವನಿಗೆ ಮೂರನೆಯ ಸಲ ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆಯೇ? ಇಲ್ಲ. ಪ್ರತಿ ಆಟಕ್ಕೂ 52 ಎಲೆಗಳನ್ನು ಹೊಸದಾಗಿ ಕಲಸಲಾಗುತ್ತದೆ. ಹಿಂದಿನ ಸೋಲಿನ ನೆನಪು ಎಲೆಗಳಿಗಿಲ್ಲ. 1913ರಲ್ಲಿ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪು ಅಂಕಿಗಳಿಗೇ ಬಿತ್ತು. ‘ಇನ್ನು ಕೆಂಪು ಬಂದೇ ಬರುತ್ತದೆ’ ಎಂದು ಕಟ್ಟುತ್ತ ಹೋದವರು ಅಪಾರ ಹಣ ಕಳೆದುಕೊಂಡರು.

ಇದು ಬುದ್ಧಿಯ ಆಟ ಎನ್ನುವವರಿದ್ದಾರೆ. ಬಹುಕಾಲ ಆಡಿದರೆ ಚಾತುರ್ಯಕ್ಕೆ ಬೆಲೆಯಿದೆ, ನಿಜ. ಆದರೆ ಆಟ ನಡೆಸುವವರು ಪಣದಿಂದ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಆದ್ದರಿಂದ ಆಟಗಾರರೆಲ್ಲರ ಹಣ ಒಟ್ಟಾಗಿ ಕಡಿಮೆಯಾಗುತ್ತಲೇ ಹೋಗುತ್ತದೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ನಮಗಂತೂ ಈ ಎಚ್ಚರಿಕೆ ಹೊಸದಲ್ಲ. ಇಸ್ಲಾಂಪೂರ್ವ ಅರಬರು ಒಂಟೆಯ ಮಾಂಸದ ಪಾಲಿಗಾಗಿ ಬಾಣಗಳನ್ನು ಎತ್ತಿ ಜೂಜಾಡುತ್ತಿದ್ದರು. ಅದೇ ಮೈಸಿರ್. ಪವಿತ್ರ ಕುರ್‌ಆನಿನ ಸೂರಾ ಅಲ್ ಮಾಇದಾದ 90ನೇ ವಚನ ಅದನ್ನು ಮದ್ಯದ ಜೊತೆಯಲ್ಲೇ ನಿಷೇಧಿಸಿದೆ.

ಉರ್ದುವಿನ ‘ಕಿಸ್ಮತ್’ ಪದಕ್ಕೆ ಅರಬ್ಬಿ ಮೂಲದಲ್ಲಿ ‘ಪಾಲು’ ಎಂಬ ಅರ್ಥವಿದೆ. ಅಲ್ಲಾಹನು ನಮಗೆ ಬರೆದ ಪಾಲು ಇಸ್ಪೀಟಿನ ಎಲೆಗಳ ಬಳಿ ಬಾಕಿ ಉಳಿದಿಲ್ಲ. ತಕ್ದೀರಿನ ಮೇಲಿನ ವಿಶ್ವಾಸ ನಷ್ಟವನ್ನು ಸಹಿಸಲು ಬಲ ಕೊಡುತ್ತದೆ. ಸೋತದ್ದನ್ನು ಮರಳಿ ಗೆಲ್ಲುವ ಭರವಸೆ ಕೊಡುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಸೋತು ಸಾಲದಲ್ಲಿದ್ದರೆ ಇಂದು ರಾತ್ರಿಯೇ ಮನೆಯಲ್ಲಿ ಹೇಳಿ. ಪೋಷಕರೇ, ಆ ಮಾತು ಕೇಳಿದಾಗ ಕೈ ಎತ್ತಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಸಾಲವೆಷ್ಟೆಂದು ಕೇಳಿ. ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.