ಬಾಣಂತಿಯ ಮನಸ್ಸು

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಬಂದವರೆಲ್ಲರೂ ತೊಟ್ಟಿಲ ಕಡೆಗೆ ನಡೆಯುತ್ತಾರೆ. ತೂಕವೆಷ್ಟು, ಹೋಲಿಕೆ ಯಾರದು ಎಂದು ವಿಚಾರಿಸುತ್ತಾರೆ. ಬಾಣಂತಿಯ ಮೈಯನ್ನೂ ನಮ್ಮವರು ಮರೆಯುವುದಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತವೆ. ಆದರೆ, “ನಿನ್ನ ಮನಸ್ಸು ಹೇಗಿದೆಯಮ್ಮಾ?” ಎಂದು ಕೇಳುವವರು ಅಪರೂಪ.

ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ನೊಂದುಕೊಳ್ಳುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಂಡುಬರುತ್ತದೆ. ಬಸಿರಿನಲ್ಲಿ ಏರಿದ್ದ ಹಾರ್ಮೋನುಗಳು ಥಟ್ಟನೆ ಇಳಿಯುತ್ತವೆ, ಜೊತೆಗೆ ನಿದ್ದೆಗೇಡು. ವಿಶ್ರಾಂತಿಯೂ ಒಳ್ಳೆಯ ಮಾತೂ ದೊರೆತರೆ ಎರಡು ವಾರದೊಳಗೆ ಇದು ತಾನಾಗಿಯೇ ಕಳೆಯುತ್ತದೆ.

ಅನಂತರವೂ ದುಗುಡ ಹೋಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, “ನಾನು ತಾಯಿಯಾಗಲು ತಕ್ಕವಳಲ್ಲ” ಎಂಬ ಕೊರಗು ಹತ್ತಿದರೆ, ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ನಮ್ಮ ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಹಣದ ಅಡಚಣೆ, ಮನೆಯ ಕಲಹ, “ಹೆಣ್ಣು ಹುಟ್ಟಿತೇ” ಎಂಬ ಕೊಂಕು ಇವು ಅದಕ್ಕೆ ಇಂಬು ಕೊಡುತ್ತವೆ. ಇದು ಸೋಮಾರಿತನವಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲವೆಂದೂ ಅಲ್ಲ. ಆಪ್ತಸಮಾಲೋಚನೆಯಿಂದ, ಬೇಕಾದರೆ ಔಷಧದಿಂದ ಗುಣವಾಗುತ್ತದೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ, ವೈದ್ಯರು ಆರಿಸಿಕೊಡುತ್ತಾರೆ.

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುವ ಇನ್ನೊಂದು ಬಗೆಯಿದೆ. ಬಾಣಂತಿಗೆ ಇಲ್ಲದ ದನಿ ಕೇಳಿಸುತ್ತದೆ, ವಿಪರೀತ ಸಂಶಯ ಹುಟ್ಟುತ್ತದೆ, ಮಾತು ತಾಳ ತಪ್ಪುತ್ತದೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಇದೂ ಸೇರಿತ್ತು. ಆಗ ತಾಯತ ಕಟ್ಟಿಸುತ್ತ ಕಾಲ ಕಳೆಯಬಾರದು. ಸಾಯುವ ಮಾತಾಡಿದರೂ, ಮಗುವಿಗೆ ಕೇಡಾದೀತೆಂಬ ಅಂಜಿಕೆ ಕಂಡರೂ ಅಷ್ಟೇ: ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿಯನ್ನೂ ಮಗುವನ್ನೂ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು. 2022ರಲ್ಲಿ ಸರಕಾರ ತೆರೆದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳು ಕನ್ನಡದಲ್ಲಿಯೇ ಮಾತಾಡಬಹುದು.

ಹೊಸ ತಂದೆಯ ಮನಸ್ಸೂ ಹೀಗೆ ಕುಗ್ಗುವುದುಂಟು. ಗಂಡಸೆಂದು ಅವನು ಬಾಯಿ ಬಿಡುವುದಿಲ್ಲ. ಅವನನ್ನೂ ವಿಚಾರಿಸಿ.

ಮನೆಯವರು ಮಾಡಬಹುದಾದದ್ದು ದೊಡ್ಡದೇನಲ್ಲ. ರಾತ್ರಿ ಒಂದು ಹೊತ್ತು ಮಗುವನ್ನು ಗಂಡನೋ ಅತ್ತೆಯೋ ಎತ್ತಿಕೊಂಡರೆ ತಾಯಿಗೆ ನಾಲ್ಕು ಗಂಟೆ ನಿದ್ದೆಯಾದೀತು. ಅತ್ತಳೆಂದು ಗದರಿಸದೆ, ಬುದ್ಧಿ ಹೇಳದೆ, ಅವಳ ಮಾತನ್ನು ಕೊನೆಯವರೆಗೆ ಕೇಳಿರಿ. ಕೂಸಿನ ಆರೈಕೆ ತಾಯಿಯ ಆರೈಕೆಯಿಂದಲೇ ಮೊದಲಾಗುತ್ತದೆ.