ಮುದ್ದೆ ಉಣ್ಣುವ ನಾಯಿ

ಮಕ್ಕಳೇ, ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಶೇಂಗಾ ಹೊಲ, ಅಲ್ಲಲ್ಲಿ ಕಲ್ಲುಗುಡ್ಡ, ಕೊಯ್ಲು ಮುಗಿದ ಹೊಲದಲ್ಲಿ ಬೀಡುಬಿಟ್ಟ ಕುರಿಮಂದೆ ಕಾಣುತ್ತವೆ. ಮಂದೆ ಇದ್ದಲ್ಲಿ ನಾಯಿ ಇರಲೇಬೇಕು. ರಾತ್ರಿಯೆಲ್ಲ ರೊಪ್ಪದ ಸುತ್ತ ಎಚ್ಚರವಾಗಿರುವುದು, ತೋಳವೋ ನರಿಯೋ ಸುಳಿದರೆ ಬೊಗಳುವುದು, ಹಗಲಲ್ಲಿ ಮೈಲಿಗಟ್ಟಲೆ ನಡೆಯುವುದು ಅದರ ಕೆಲಸ. ಇಷ್ಟು ದುಡಿಯುವ ಪ್ರಾಣಿಗೆ ಊಟ ಏನು? ಕುರಿ ಕಾಯುವವರು ಉಂಡದ್ದೇ. ರಾಗಿ ಮುದ್ದೆ, ಜೋಳದ ರೊಟ್ಟಿ, ಇದ್ದರೆ ಒಂದಿಷ್ಟು ಹಾಲು, ಇಲ್ಲದಿದ್ದರೆ ಮಜ್ಜಿಗೆ.

ಒಮ್ಮೆ ಯೋಚಿಸಿ. ನಾಯಿಯ ಹಿರೀಕ ತೋಳ. ತೋಳದ ಊಟ ಬೇಟೆಯ ಮಾಂಸ. ಅದರ ವಂಶದ ನಾಯಿ ಮುದ್ದೆ ತಿಂದು ಹೇಗೆ ಬದುಕುತ್ತದೆ?

ಉತ್ತರ ನಾಯಿಯ ಜೀನಿನಲ್ಲಿದೆ. ರಾಗಿ, ಜೋಳ, ಅಕ್ಕಿಯಲ್ಲಿ ಹೆಚ್ಚಾಗಿರುವುದು ಪಿಷ್ಟ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಅಮೈಲೇಸ್ ಎಂಬ ಕಿಣ್ವ ಬೇಕು. ನಮ್ಮ ಎಂಜಲಿನಲ್ಲೇ ಈ ಕಿಣ್ವ ಇರುತ್ತದೆ. ನಾಯಿಯ ಎಂಜಲಿನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಅದರ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯೇ ಆ ಕೆಲಸವನ್ನೆಲ್ಲ ಹೊರಬೇಕು. 2013ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ಜೀನುಗಳನ್ನು ಹೋಲಿಸಿ ನೋಡಿದರು. ಅಮೈಲೇಸ್ ತಯಾರಿಸಲು ಹೇಳುವ ಜೀನಿನ ಪ್ರತಿಗಳು ತೋಳದಲ್ಲಿ 2 ಮಾತ್ರ ಇದ್ದವು. ನಾಯಿಗಳಲ್ಲಿ 4ರಿಂದ 30ರವರೆಗೂ ಇದ್ದವು! ಪ್ರತಿಗಳು ಹೆಚ್ಚಿದಷ್ಟೂ ಕಿಣ್ವ ಹೆಚ್ಚು. ಮನುಷ್ಯ ಬೇಸಾಯ ಕಲಿತು ಕಾಳು ಬೇಯಿಸತೊಡಗಿದ ಮೇಲೆ, ಅವನ ಮನೆ ಮುಂದೆ ಬಿದ್ದ ಅನ್ನವನ್ನು ಅರಗಿಸಿಕೊಂಡ ನಾಯಿಗಳೇ ಹೆಚ್ಚು ಉಳಿದವು, ಹೆಚ್ಚು ಮರಿ ಹಾಕಿದವು. ಬೇಸಾಯದ ಜೊತೆ ಬೆಳೆಯದ ಆಸ್ಟ್ರೇಲಿಯಾದ ಡಿಂಗೊ ನಾಯಿಗಳಲ್ಲಿ ಈ ಜೀನು ಹೆಚ್ಚಾಗಲೇ ಇಲ್ಲ. ತೋಳದಂತೆ ಅವುಗಳಲ್ಲೂ ಸಾಮಾನ್ಯವಾಗಿ 2 ಪ್ರತಿಗಳೇ ಇವೆ.

ನಮ್ಮ ನೆಲವಂತೂ ಬಹಳ ಹಳೆಯ ಬೇಸಾಯದ ನೆಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನೀವು ನೋಡಿರಬಹುದು. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ನೆಲ ಅಗೆಸಿದಾಗ, ಅಶೋಕನಿಗಿಂತಲೂ ಎಷ್ಟೋ ಹಿಂದಿನ ಜನರ ನಯಗೊಳಿಸಿದ ಕಲ್ಲಿನ ಕೊಡಲಿಗಳು ಸಿಕ್ಕವು. ದಕ್ಷಿಣ ಭಾರತದ ಇಂಥ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕಿರುಧಾನ್ಯಗಳ ಕರಕಲು ಕಾಳುಗಳು ದೊರೆತಿವೆ. ಅಶೋಕನ ಆ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು ಎಂಬುದರ ಜೊತೆಗೆ ಪ್ರಾಣಿಗಳಿಗೆ ದಯೆ ತೋರಬೇಕು ಎಂಬ ಮಾತೂ ಇದೆ. ಸುಮಾರು 2,250 ವರ್ಷಗಳಿಂದ ಆ ಮಾತು ನಮ್ಮದೇ ತಾಲ್ಲೂಕಿನ ಬಂಡೆಯ ಮೇಲೆ ಇದೆ ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಮತ್ತೆ ನಾಯಿಯ ಊಟಕ್ಕೆ ಬರೋಣ. ಮುದ್ದೆ ಅರಗುತ್ತದೆ ಎಂದ ಮೇಲೆ ಮುದ್ದೆಯೊಂದೇ ಸಾಕೇ? ಸಾಲದು. ಮುದ್ದೆಯಿಂದ ಓಡಾಡುವ ಶಕ್ತಿ ಬರುತ್ತದೆ. ನಾಯಿಯ ಮಾಂಸಖಂಡ, ಕೂದಲು, ರಕ್ತ ಕಟ್ಟಲು ಪ್ರೋಟೀನ್ ಬೇಕು. ಪ್ರೋಟೀನು ಅಮೈನೋ ಆಮ್ಲಗಳಿಂದ ಆದದ್ದು. ಅವುಗಳಲ್ಲಿ 10 ಬಗೆಯವನ್ನು ನಾಯಿಯ ದೇಹ ತಾನೇ ಸಾಕಷ್ಟು ತಯಾರಿಸಿಕೊಳ್ಳಲಾರದು, ಊಟದಿಂದಲೇ ಪಡೆಯಬೇಕು. ಮೊಳಕಾಲ್ಮುರಿನ ಮಗ್ಗದಲ್ಲಿ ರೇಷ್ಮೆ ಸೀರೆಯ ಅಂಚು ನೇಯುವಾಗ ಒಂದು ಬಣ್ಣದ ನೂಲು ಮುಗಿದರೆ, ಉಳಿದ ಬಣ್ಣಗಳು ರಾಶಿ ಇದ್ದರೂ ಅಂಚು ಮುಂದೆ ಸಾಗುವುದಿಲ್ಲವಲ್ಲ, ದೇಹದಲ್ಲೂ ಹಾಗೆಯೇ. ರಾಗಿಯಲ್ಲಿ ಪ್ರೋಟೀನು 100 ಗ್ರಾಂಗೆ ಸುಮಾರು 7 ಗ್ರಾಂ ಮಾತ್ರ. ಅದರಲ್ಲೂ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಯಿಸಿದ ಹುರುಳಿ, ತೊಗರಿಬೇಳೆಯಲ್ಲಿ ಲೈಸೀನ್ ಚೆನ್ನಾಗಿದೆ. ಮುದ್ದೆಯ ಜೊತೆ ಚೆನ್ನಾಗಿ ಬೆಂದ ಬೇಳೆ ಕಲಸಿ, ಆಗಾಗ ಒಂದು ಬೇಯಿಸಿದ ಮೊಟ್ಟೆ ಹಾಕಿದರೆ ಊಟ ಎಷ್ಟೋ ಮೇಲಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅದೂ ಬೇಕಾದ ಅಮೈನೋ ಆಮ್ಲಗಳೆಲ್ಲ ಇರುವಂಥದ್ದು. ಬೇಯಿಸಿಯೇ ಕೊಡಿ. ಹಸಿ ಮೊಟ್ಟೆಯ ಬಿಳಿ ಭಾಗದಲ್ಲಿರುವ ಅವಿಡಿನ್ ಎಂಬುದು ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಕಾಳು, ಹಿಟ್ಟನ್ನೂ ಹಸಿಯಾಗಿ ಹಾಕಬಾರದು. ಬೆಂದ ಪಿಷ್ಟವೇ ನಾಯಿಗೆ ಸುಲಭವಾಗಿ ಅರಗುವುದು.

ರಾಗಿಯ ಇನ್ನೊಂದು ಗುಣ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ. ರಾಗಿಯಲ್ಲೇ ಇರುವ ಫೈಟೇಟ್ ಆ ಸುಣ್ಣದಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಷ್ಟೂ ದೇಹಕ್ಕೆ ಸೇರುವುದಿಲ್ಲ. ಹಾಗಾಗಿ ಮೂಳೆ ಬೆಳೆಯುತ್ತಿರುವ ಮರಿಗಳಿಗೆ ಮುದ್ದೆಯನ್ನೇ ನಂಬಿ ಕೂರುವಂತಿಲ್ಲ. ಬರೀ ಮಾಂಸದ ತುಂಡು ಹಾಕಿ ಸಾಕಿದರೂ ಮರಿಗೆ ಸುಣ್ಣ ಸಾಲದೆ ಕಾಲು ಸೊಟ್ಟಗಾಗಬಹುದು.

ಇಲ್ಲಿ ಒಂದು ಬೆರಗಿನ ಸಂಗತಿ ಹೇಳುತ್ತೇನೆ. ನಮಗೆ ಸಿ ಜೀವಸತ್ವ ಬೇಕೆಂದರೆ ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿನ್ನಬೇಕು. ನಾಯಿ ಅದನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ! ಡಿ ಜೀವಸತ್ವದ ವಿಷಯದಲ್ಲಿ ಇದು ತಿರುವುಮುರುವು. ನಾವು ಬಿಸಿಲಲ್ಲಿ ನಿಂತರೆ ನಮ್ಮ ಚರ್ಮ ಅದನ್ನು ತಯಾರಿಸುತ್ತದೆ. ಚಳ್ಳಕೆರೆಯ ಉರಿಬಿಸಿಲಲ್ಲಿ ದಿನವಿಡೀ ಅಲೆದರೂ ನಾಯಿಯ ಚರ್ಮಕ್ಕೆ ಅದು ಸಾಕಷ್ಟು ಆಗದು. ಮೊಟ್ಟೆಯ ಹಳದಿ, ಮೀನು, ಬೇಯಿಸಿದ ಯಕೃತ್ತಿನಿಂದಲೇ ಅದಕ್ಕೆ ಡಿ ಜೀವಸತ್ವ ಸಿಗಬೇಕು.

ಈಗ ನಮ್ಮ ಸೀಮೆಯ ಶೇಂಗಾಕ್ಕೆ ಬರೋಣ. ಚಳ್ಳಕೆರೆಗೆ ಎಣ್ಣೆಯ ಊರೆಂದು ಹೆಸರು ಬಂದಿರುವುದೇ ಶೇಂಗಾದಿಂದ. ಉಪ್ಪು ಹಾಕದ, ಹುರಿದ ಒಳ್ಳೆಯ ಶೇಂಗಾಬೀಜ ಒಂದೆರಡು ತಿಂದರೆ ನಾಯಿಗೇನೂ ಆಗುವುದಿಲ್ಲ. ಅಪಾಯ ಇರುವುದು ಬೂಷ್ಟು ಹಿಡಿದ ಶೇಂಗಾದಲ್ಲಿ. ತೇವದಲ್ಲಿಟ್ಟ ಕಾಯಿಯ ಮೇಲೆ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತಾ ಹೋದವರಿಗೆ ಅವುಗಳ ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಅದಕ್ಕೂ ಮೊದಲು, 1950ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ನಾಯಿಗಳು ಕಾರಣ ತಿಳಿಯದ ಯಕೃತ್ತಿನ ಕಾಯಿಲೆಯಿಂದ ಸಾಯುತ್ತಿದ್ದವು. ಅದರ ಹಿಂದೆಯೂ ಇದೇ ವಿಷವಿತ್ತೆಂದು ಆಮೇಲೆ ಗೊತ್ತಾಯಿತು. ನಾಯಿಯ ಯಕೃತ್ತು ಈ ವಿಷಕ್ಕೆ ಬಹಳ ಬೇಗ ಸೋಲುತ್ತದೆ. ಕುದಿಸಿದರೂ ಹುರಿದರೂ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬೂಷ್ಟು ಹಿಡಿದ ಕಾಯಿ, ಹಿಂಡಿ, ಹಳಸಿದ ರೊಟ್ಟಿಯನ್ನು ‘ನಾಯಿಗೆ ಹಾಕಿದರಾಯಿತು’ ಎಂದು ಯಾರಾದರೂ ಅಂದರೆ, ಬೇಡ ಎಂದು ನೀವೇ ಹೇಳಬೇಕು.

ಮುದ್ದೆಯ ಜೊತೆ ನಮ್ಮ ಸಾರನ್ನು ಸುರಿಯುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ತಿಂದರೆ ನಾಯಿಗೆ ವಿಷವಾಗುತ್ತದೆ. ಸ್ವಲ್ಪಸ್ವಲ್ಪವೇ ದಿನವೂ ತಿಂದರೂ ರಕ್ತ ಕುಂದುತ್ತದೆ. ಬೇಯಿಸಿದರೂ ಈ ಗುಣ ಹೋಗದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಚಾಕೊಲೇಟು ಹೃದಯಕ್ಕೆ ಕೆಟ್ಟದ್ದು. ಬೇಯಿಸಿದ ಮೂಳೆ ಸಿಬಿರೊಡೆದು ಗಂಟಲು, ಕರುಳನ್ನು ಚುಚ್ಚುತ್ತದೆ.

ಕುರಿ ಸಾಕುವ ಮನೆಯ ಮಕ್ಕಳು ಇನ್ನೊಂದು ಮಾತನ್ನು ತಪ್ಪದೆ ಕೇಳಿ. ಹಬ್ಬಕ್ಕೋ ಜಾತ್ರೆಗೋ ಕುರಿ ಕೊಯ್ದಾಗ, ನಾವು ತಿನ್ನದ ಭಾಗಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುವುದುಂಟು. ಕುರಿಯ ಯಕೃತ್ತು, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅವು ಎಕಿನೊಕಾಕಸ್ ಎಂಬ ಲಾಡಿಹುಳದ ಮರಿಗಳ ಮನೆ. ನಾಯಿ ಅದನ್ನು ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳಗಳು ಬೆಳೆದು ಮೊಟ್ಟೆ ಇಡುತ್ತವೆ. ಮೊಟ್ಟೆಗಳು ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ ಹೋಗುತ್ತವೆ. ನಾಯಿಯ ಮೈ ಸವರಿ ಕೈ ತೊಳೆಯದೆ ಉಂಡರೆ ನಮ್ಮ ಹೊಟ್ಟೆಗೂ ಸೇರುತ್ತವೆ. ಮನುಷ್ಯರ ಯಕೃತ್ತಿನಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗುತ್ತಾ ಹೋಗುತ್ತದೆ. ಕೆಲವು ಕುರಿಗಳು ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಗಿರಗಿರ ಸುತ್ತುವುದನ್ನು ನೋಡಿದ್ದೀರಾ? ಅದಕ್ಕೂ ಹೆಚ್ಚಾಗಿ ನಾಯಿಯ ಕರುಳಿನ ಬೇರೊಂದು ಲಾಡಿಹುಳವೇ ಕಾರಣ. ಅದರ ಮರಿಗಳು ಕುರಿಯ ಮೆದುಳಿನಲ್ಲಿ ಗುಳ್ಳೆಯಾಗಿ ಬೆಳೆಯುತ್ತವೆ. ಹೀಗೆ ನಾಯಿಯ ಊಟದಲ್ಲಿ ಆದ ತಪ್ಪು ಮಂದೆಗೂ ಮನೆಗೂ ಬರುತ್ತದೆ. ಇದನ್ನು ತಡೆಯುವುದು ಕಷ್ಟವಲ್ಲ. ಆ ಭಾಗಗಳನ್ನು ಚೆನ್ನಾಗಿ ಬೇಯಿಸಿ ಹಾಕಬೇಕು, ಗುಳ್ಳೆ ಇದ್ದುದನ್ನು ಆಳವಾಗಿ ಹೂಳಬೇಕು ಇಲ್ಲವೇ ಸುಡಬೇಕು. ನಾಯಿಗೆ ಪಶುವೈದ್ಯರು ಹೇಳಿದಂತೆ ಪ್ರಾಜಿಕ್ವಾಂಟೆಲ್ ಇರುವ ಹುಳದ ಮಾತ್ರೆ ಕೊಡಿಸಬೇಕು. ನಿಮ್ಮ ಅಜ್ಜನಿಗೋ ದೊಡ್ಡಪ್ಪನಿಗೋ ಇದನ್ನು ತಿಳಿಸಿ. ಕುರಿ ಉಳಿಯುವ ಮಾತೆಂದರೆ ಅವರು ಖಂಡಿತ ಕಿವಿಗೊಡುತ್ತಾರೆ.

ನೀರಿನ ಮಾತು ಉಳಿಯಿತು. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆಯಾಗುವ ಸೀಮೆಗಳಲ್ಲಿ ನಮ್ಮದೂ ಒಂದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಮಾತ್ರ ಒಂದಿಷ್ಟು ಬೆವರುತ್ತದೆ. ನಾಲಗೆ ಚಾಚಿ ಏದುಸಿರು ಬಿಡುವಾಗ ಬಾಯಿಯ ತೇವ ಆವಿಯಾಗಿ ಮೈ ತಂಪಾಗುತ್ತದೆ. ಆ ತೇವ ಮತ್ತೆ ತುಂಬಬೇಕಾದರೆ ನೀರು ಬೇಕು. ಬೇಸಿಗೆಯಲ್ಲಿ ನೆರಳಿನಲ್ಲಿ ಒಂದು ಅಗಲವಾದ ಮಣ್ಣಿನ ಬಾನಿ ಇಟ್ಟು ದಿನವೂ ನೀರು ಬದಲಿಸಿ. ಬೆಳೆದ ನಾಯಿಗಳಲ್ಲಿ ಎಷ್ಟಕ್ಕೋ ಹಾಲು ಕುಡಿದರೆ ಭೇದಿಯಾಗುತ್ತದೆ, ಹಾಲಿನ ಸಕ್ಕರೆ ಅವಕ್ಕೆ ಅರಗುವುದಿಲ್ಲ. ಉಪ್ಪಿಲ್ಲದ ತೆಳು ಮಜ್ಜಿಗೆ ಹೆಚ್ಚಿನವುಗಳಿಗೆ ಒಗ್ಗುತ್ತದೆ.

ನಿಮ್ಮ ನಾಯಿಗೆ ಊಟ ಸಾಕಾಗುತ್ತಿದೆಯೇ ಎಂದು ತಿಳಿಯಲು ತಕ್ಕಡಿ ಬೇಡ. ನಿಮಗೆ ಚೆನ್ನಾಗಿ ಪರಿಚಯವಿರುವ, ಸಾಧು ನಾಯಿಯಾದರೆ, ಅದು ಊಟ ಮಾಡದಿರುವ ಹೊತ್ತಿನಲ್ಲಿ, ಮನೆಯ ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಕ್ಕೆಯ ಮೇಲೆ ಬೆರಳಾಡಿಸಿ. ಒತ್ತದೆಯೇ ಪಕ್ಕೆಲುಬು ಬೆರಳಿಗೆ ಸಿಗಬೇಕು, ಆದರೆ ದೂರದಿಂದಲೇ ಎಣಿಸುವಂತೆ ಕಾಣಬಾರದು. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ತುಸು ಒಳಗೆ ಹೋಗಿರಬೇಕು. ಎಲುಬೆಲ್ಲ ಎದ್ದು ಕಂಡರೆ ಊಟ ಹೆಚ್ಚಿಸಿ, ಹುಳದ ಔಷಧಿ ಕೊಡಿಸಿ ಎಷ್ಟು ದಿನವಾಯಿತೆಂದು ಮನೆಯಲ್ಲಿ ಕೇಳಿ. ಕೈ ತೊಳೆದುಕೊಂಡು, ಇವತ್ತಿನ ತಾರೀಕು ಹಾಕಿ ನೋಟುಪುಸ್ತಕದಲ್ಲಿ ಬರೆದಿಡಿ. ತಿಂಗಳು ಬಿಟ್ಟು ಮತ್ತೆ ನೋಡಿ.